ಹಳೆಯ ಕಾರಿಗೆ ಹೊಸ ಕಿಡಿ: ಬಿಡಿಭಾಗ ಬರುವುದೆಲ್ಲಿಂದ?

(ನವಲಗುಂದ ತಾಲ್ಲೂಕಿನ ತಿರ್ಲಾಪುರದಲ್ಲಿ ಹಳೆಯ ಪೆಟ್ರೋಲ್ ವಾಹನಗಳ ಮಾಲೀಕರು ಮತ್ತು ಮೆಕ್ಯಾನಿಕರ ಮುಂದೆ ಮಾಡಿದ ಭಾಷಣದ ಪಾಠ)



ತಿರ್ಲಾಪುರದಂಥ ಊರಿನಲ್ಲಿ ಎಂಜಿನ್ನಿನ ಕಿಡಿಯ ಬಗ್ಗೆ ಮಾತನಾಡುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಎರೆಹೊಲದಲ್ಲಿ ದಿನವಿಡೀ ದುಡಿಯುವ ಟ್ರ್ಯಾಕ್ಟರಿಗೆ ಕಿಡಿಯ ಹಂಗೇ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವೇ ಎಣ್ಣೆಯನ್ನು ಹೊತ್ತಿಸುತ್ತದೆ. ಪ್ಲಗ್ ಬೇಡ, ಕಾಯಿಲ್ ಬೇಡ, ಪಾಯಿಂಟೂ ಬೇಡ. ಪೆಟ್ರೋಲ್ ಗಾಡಿಯ ಜಾತಕ ಬೇರೆ. ಅದಕ್ಕೆ ಪ್ರತಿ ಸಲವೂ ಸರಿಯಾದ ಗಳಿಗೆಗೆ ಒಂದು ಕಿಡಿ ಬೀಳಲೇಬೇಕು. ಕಿಡಿ ತಪ್ಪಿದರೆ ಎಂಥ ಗಟ್ಟಿ ಎಂಜಿನ್ನೂ ಕಬ್ಬಿಣದ ಗುಂಡಿಗೆ ಸಮ.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ, ಹೊಟ್ಟಿನ ಬಣವೆಯ ಮರೆಯಲ್ಲಿ ಹಳೆಯ ಜೀಪು, ಅಂಬಾಸಿಡರ್ ಅಥವಾ ಫಿಯೆಟ್ ನಿಂತಿರುವುದು ಅಪರೂಪದ ದೃಶ್ಯವೇನಲ್ಲ. ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು, ಮೊಮ್ಮಗನಿಗೆ ಈಗ ಅದನ್ನು ಮತ್ತೆ ರಸ್ತೆಗೆ ತರುವ ಹಂಬಲ. ಅಂಥ ಗಾಡಿಯ ಬಾನೆಟ್ ಎತ್ತಿದಾಗ ಮೊದಲು ಕೇಳಿಬರುವ ಸಲಹೆ ಒಂದೇ: “ಈ ಹಳೇ ಪಾಯಿಂಟ್ ಕಿತ್ತೊಗೀರಿ, ಎಲೆಕ್ಟ್ರಾನಿಕ್ ಹಾಕಿಸ್ರಿ.” ಸಲಹೆ ಕೆಟ್ಟದ್ದಲ್ಲ. ಆದರೆ ಅದರ ಹಿಂದೆಯೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಾಕಿಸಿದ ಎಲೆಕ್ಟ್ರಾನಿಕ್ ಭಾಗ ನಾಳೆ ಕೆಟ್ಟರೆ ಅದರ ಬದಲಿ ಎಲ್ಲಿ ಸಿಗುತ್ತದೆ? ಇಂದಿನ ಮಾತು ಈ ಪ್ರಶ್ನೆಯ ಸುತ್ತ.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಲ್ಲಿ ಇರುವುದು ಬರೀ 12 ವೋಲ್ಟ್. ತೀರ ಹಳೆಯ ಗಾಡಿಗಳಲ್ಲಿ 6 ವೋಲ್ಟ್. ಇಷ್ಟರಿಂದ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವುದಿಲ್ಲ. ಒತ್ತಿದ ಗಾಳಿ ಮತ್ತು ಪೆಟ್ರೋಲ್ ಆವಿಯ ನಡುವೆ ಅರ್ಧ ಮಿಲಿಮೀಟರಿಗೂ ಹೆಚ್ಚಿನ ಸಂದನ್ನು ಕಿಡಿ ದಾಟಬೇಕಾದರೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಬೇಕು. ಆ ಕೆಲಸ ಕಾಯಿಲಿನದು. ಅದರೊಳಗೆ ಕೆಲವು ನೂರು ಸುತ್ತಿನ ದಪ್ಪ ತಂತಿ, ಅದರ ಜೊತೆ ಸಾವಿರಾರು ಸುತ್ತಿನ ಸಣ್ಣ ತಂತಿ. ದಪ್ಪ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಅಲ್ಲಿಯವರೆಗೆ ತುಂಬಿಕೊಂಡ ಕಾಂತಕ್ಷೇತ್ರ ಕುಸಿದು ಸಣ್ಣ ತಂತಿಯಲ್ಲಿ ಭಾರಿ ಒತ್ತಡ ಹುಟ್ಟುತ್ತದೆ. ಕಾಲುವೆಯ ನೀರಿಗೆ ಒಮ್ಮೆಲೆ ತೂಬು ಬಿಗಿದರೆ ಹಿಂದಿನ ನೀರು ಹೇಗೆ ಅಪ್ಪಳಿಸುತ್ತದೋ ಹಾಗೆ.

ಇಲ್ಲಿ ಥಟ್ಟನೆ ಕಡಿಯುವವರು ಯಾರು? ಅದೇ ಕಾಂಟ್ಯಾಕ್ಟ್ ಬ್ರೇಕರ್. ಗ್ಯಾರೇಜಿನ ಮಾತಿನಲ್ಲಿ ‘ಪಾಯಿಂಟ್’, ಹಳಬರ ಬಾಯಲ್ಲಿ ‘ಪ್ಲಾಟಿನಂ’. ಮೊದಮೊದಲು ಅದರ ತುದಿಗಳಿಗೆ ನಿಜವಾಗಿಯೂ ಪ್ಲಾಟಿನಂ ಬಳಸುತ್ತಿದ್ದರು. ಮುಂದೆ ಟಂಗ್‌ಸ್ಟನ್ ಬಂದರೂ ಹೆಸರು ಹಾಗೇ ಉಳಿಯಿತು. ತಿರುಗುವ ದಂಡದ ಮೇಲಿನ ಉಬ್ಬು ಈ ಎರಡು ತುದಿಗಳನ್ನು ಬಿಡಿಸುತ್ತದೆ, ಸ್ಪ್ರಿಂಗ್ ಮತ್ತೆ ಕೂಡಿಸುತ್ತದೆ. ಬಿಡುವಾಗಿನ ಸಂದು ಸುಮಾರು 0.4 ಮಿಲಿಮೀಟರ್. ಪಕ್ಕದಲ್ಲಿ ಹೆಬ್ಬೆರಳಿಗಿಂತ ಚಿಕ್ಕದಾದ ಕಂಡೆನ್ಸರ್. ತುದಿಗಳು ಬಿಡುವಾಗ ಅಲ್ಲೇ ಕಿಡಿ ಹಾರಿ ಸುಟ್ಟುಹೋಗದಂತೆ ಕಾಯುವುದು ಅದರ ಕೆಲಸ.

ಲೆಕ್ಕ ನೋಡಿದರೆ ಈ ಪುಟ್ಟ ಭಾಗದ ದುಡಿಮೆ ತಿಳಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಬೇಡುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ 6,000 ಕಿಡಿ. ಒಂದು ತಾಸಿಗೆ 3 ಲಕ್ಷ 60 ಸಾವಿರ. ಇಷ್ಟು ಸಲ ತೆರೆದು ಮುಚ್ಚುವ ಲೋಹದ ತುದಿ ಸವೆಯದೆ ಇದ್ದೀತೆ? ಸವೆದಂತೆ ಸಂದು ಬದಲಾಗುತ್ತದೆ, ಸಂದು ಬದಲಾದಂತೆ ಕಿಡಿಯ ಗಳಿಗೆ ತಪ್ಪುತ್ತದೆ. ಎಂಜಿನ್ ಬಡಿದುಕೊಳ್ಳುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೆಳಗಿನ ಚಳಿಯಲ್ಲಿ ಏಳಲು ಮೊಂಡುತನ ಮಾಡುತ್ತದೆ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಪಾಯಿಂಟ್ ಉಜ್ಜಿ, ಸಂದು ನೋಡಿ, ಕೊನೆಗೆ ಬದಲಾಯಿಸುವುದು ಹಿಂದೆ ಎಲ್ಲ ಚಾಲಕರಿಗೂ ಗೊತ್ತಿದ್ದ ಕೆಲಸ. ಫೀಲರ್ ಗೇಜ್ ಇಲ್ಲದಿದ್ದರೆ ಪೋಸ್ಟ್‌ಕಾರ್ಡಿನ ದಪ್ಪದಿಂದಲೂ ಅಂದಾಜು ಮಾಡಿ ಗಾಡಿಯನ್ನು ಮನೆ ಮುಟ್ಟಿಸುತ್ತಿದ್ದರು.

ಡೆಲ್ಕೋ ಎಂಬ ಮಾತು

ನಮ್ಮ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರಿಗೆ ‘ಡೆಲ್ಕೋ’ ಎನ್ನುವ ರೂಢಿ ಉಂಟು. ಆ ಪದದಲ್ಲಿ ಈ ವ್ಯವಸ್ಥೆಯ ಇತಿಹಾಸವೇ ಅಡಗಿದೆ. 1902ರಲ್ಲಿ ಜರ್ಮನಿಯ ಬಾಷ್ ಕಂಪನಿಯಲ್ಲಿ ಗಾಟ್‌ಲೋಬ್ ಹೊನೊಲ್ಡ್ ಎಂಬ ತಂತ್ರಜ್ಞ ಅಧಿಕ ಒತ್ತಡದ ಮ್ಯಾಗ್ನೆಟೋ ರೂಪಿಸಿದ. ಅದಕ್ಕೆ ಬ್ಯಾಟರಿಯೇ ಬೇಡ. ಅನಂತರ ಅಮೆರಿಕದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್ ಕೂಡಿಸಿದ ಅಗ್ಗದ ವ್ಯವಸ್ಥೆ ತಂದ. 1910ರ ಕ್ಯಾಡಿಲಾಕ್ ಕಾರುಗಳಿಗೆ ಅದು ಅಳವಟ್ಟಿತು. ಅವನು ಕಟ್ಟಿದ ಸಂಸ್ಥೆಯೇ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ. ಅದರ ಮೊದಲಕ್ಷರಗಳು ಕೂಡಿ ಡೆಲ್ಕೋ. ಕೆಟರಿಂಗನ ಹೆಸರು ಕೇಳದ ಮೆಕ್ಯಾನಿಕ್ ಕೂಡ ಅವನ ಕಂಪನಿಯ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತಾನೆ.

ಕೆಟರಿಂಗನ ಜೋಡಣೆ ಆರು ದಶಕಗಳ ಕಾಲ ಹೆಚ್ಚು ಬದಲಾಗದೆ ನಡೆಯಿತು. ಟ್ರಾನ್ಸಿಸ್ಟರ್ ಬಂದದ್ದು 1947ರಲ್ಲಿ. ಅದು ಕಾರಿನ ಬಾನೆಟ್ ಕೆಳಗೆ ನೆಲೆಯೂರಲು ಕಾಲು ಶತಮಾನ ಹಿಡಿಯಿತು. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಮಾದರಿಗಳಲ್ಲಿ ಪಾಯಿಂಟ್ ಬಿಟ್ಟು ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೇ ಕಾಯಂ ಮಾಡಿತು. ಹೊಗೆ ನಿಯಂತ್ರಣದ ಕಾನೂನುಗಳು ಬಿಗಿಯಾದಂತೆ ಉಳಿದವರೂ ಅದೇ ದಾರಿ ಹಿಡಿದರು.

ಮೊದಲ ಹೆಜ್ಜೆಗಳು ಎಲ್ಲ ಕಡೆಯೂ ಗಟ್ಟಿಯಾಗಿರಲಿಲ್ಲ. ಅಮೆರಿಕಕ್ಕೆ ರಫ್ತಾಗುತ್ತಿದ್ದ ಬ್ರಿಟನ್ನಿನ ಎಂಜಿಬಿ ಕಾರುಗಳಿಗೆ 1975ರಿಂದ ಲೂಕಾಸ್ ಕಂಪನಿಯ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಬಂತು. ಅದು ಒಳ್ಳೆಯ ಹೆಸರು ಗಳಿಸಲಿಲ್ಲ. ಹಲವು ಮಾಲೀಕರು ಅದನ್ನು ಕಿತ್ತು ಹಳೆಯ ಪಾಯಿಂಟಿಗೇ ಮರಳಿದರು. ಎಲೆಕ್ಟ್ರಾನಿಕ್ ಎಂದ ಕೂಡಲೇ ಗಟ್ಟಿ ಎಂದು ತಿಳಿಯುವವರು ಇದನ್ನು ನೆನಪಿನಲ್ಲಿಡಬೇಕು.

ಮೂರು ಬಗೆಯ ಕಿಟ್ಟು

ಹಳೆಯ ಕಾರಿಗೆ ಅಳವಡಿಸುವ ಕಿಟ್ಟುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದರಲ್ಲಿ ಪಾಯಿಂಟ್ ಉಳಿಯುತ್ತದೆ. ಆದರೆ ಅದರ ಮೂಲಕ ಅತಿ ಸಣ್ಣ ವಿದ್ಯುತ್ ಮಾತ್ರ ಹರಿಯುತ್ತದೆ; ಭಾರದ ಕೆಲಸ ಟ್ರಾನ್ಸಿಸ್ಟರಿನದು. ತುದಿಗಳು ಸುಡುವುದಿಲ್ಲ. ಟ್ರಾನ್ಸಿಸ್ಟರ್ ಕೈಕೊಟ್ಟರೆ ಎರಡು ತಂತಿ ಬದಲಾಯಿಸಿ ಹಳೆಯ ಪದ್ಧತಿಗೆ ಮರಳಬಹುದು. ಎರಡನೆಯದರಲ್ಲಿ ಪಾಯಿಂಟಿನ ಜಾಗದಲ್ಲಿ ಬೆಳಕು. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ತಿರುಗುವ ಬಿಲ್ಲೆಯೊಂದು ಕಡಿಯುತ್ತದೆ. ಬ್ರಿಟನ್ನಿನ ಲ್ಯುಮೆನಿಷನ್ ಈ ಬಗೆಯ ಹಳೆಯ ಹೆಸರು. ಮೂರನೆಯದರಲ್ಲಿ ದಂಡದ ಮೇಲೆ ಚಿಕ್ಕ ಕಾಂತಗಳ ಬಳೆ, ಎದುರಿಗೆ ಹಾಲ್ ಸೆನ್ಸರ್. ಅಮೆರಿಕದ ಪರ್ಟ್ರಾನಿಕ್ಸ್ ಕಿಟ್ಟುಗಳು ಈ ಜಾತಿಯವು. ಎಡ್ವಿನ್ ಹಾಲ್ ಈ ಪರಿಣಾಮವನ್ನು ಕಂಡುಹಿಡಿದದ್ದು 1879ರಲ್ಲಿ, ಮೋಟಾರು ಕಾರೇ ಹುಟ್ಟದ ಕಾಲದಲ್ಲಿ. ಇವಲ್ಲದೆ ಡಿಸ್ಟ್ರಿಬ್ಯೂಟರನ್ನೇ ಇಡಿಯಾಗಿ ಬದಲಾಯಿಸುವ ಮಾರ್ಗವೂ ಇದೆ. ನೆದರ್ಲೆಂಡ್ಸಿನ 123 ಇಗ್ನಿಷನ್ ಸಂಸ್ಥೆ ಅಂಥವನ್ನು ತಯಾರಿಸುತ್ತದೆ.

ಲಾಭ ಇರುವುದು ನಿಜ. ಸವೆಯುವ ತುದಿ ಇಲ್ಲದ್ದರಿಂದ ಕಿಡಿಯ ಗಳಿಗೆ ಜಾರುವುದಿಲ್ಲ. ಡಿಸ್ಟ್ರಿಬ್ಯೂಟರಿನ ದಂಡ ಸ್ವಲ್ಪ ಸಡಿಲಾಗಿದ್ದರೂ ಪಾಯಿಂಟಿನಷ್ಟು ತೊಂದರೆ ಕೊಡುವುದಿಲ್ಲ. ಪದೇ ಪದೇ ಮುಚ್ಚಳ ತೆಗೆಯಬೇಕಿಲ್ಲ. ವರ್ಷದಲ್ಲಿ ನಾಲ್ಕೇ ಸಲ ಗಾಡಿ ತೆಗೆಯುವವರಿಗೆ ಇದು ದೊಡ್ಡ ನೆಮ್ಮದಿ. ತಿಂಗಳುಗಟ್ಟಲೆ ನಿಂತ ಗಾಡಿಯ ಪಾಯಿಂಟಿನ ತುದಿಗೆ ಪದರ ಕಟ್ಟಿ ವಿದ್ಯುತ್ ಹರಿಯದೆ ಹೋಗುವುದು ಸಾಮಾನ್ಯ.

ಆದರೆ ಪಾಯಿಂಟಿಗೂ ಕಿಟ್ಟಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಪಾಯಿಂಟ್ ಹಾಳಾಗುವುದು ನಿಧಾನವಾಗಿ, ಮುನ್ಸೂಚನೆ ಕೊಟ್ಟು. ಕಣ್ಣಿಗೆ ಕಾಣುತ್ತದೆ, ಉಜ್ಜಿದರೆ ಮತ್ತಷ್ಟು ದೂರ ಓಡುತ್ತದೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ಹೆಚ್ಚಾಗಿ ಒಮ್ಮೆಲೆ ಸಾಯುತ್ತದೆ. ಅಂಟಿನಲ್ಲಿ ಮುಳುಗಿಸಿದ ಕಪ್ಪು ಡಬ್ಬಿಯನ್ನು ಬಿಚ್ಚುವಂತಿಲ್ಲ, ಬೆಸೆಯುವಂತಿಲ್ಲ. ಬಂಡಿಯ ಕೀಲು ಮುರಿದರೆ ಊರಿನ ಕಮ್ಮಾರ ಹೊಸದು ಬಡಿದುಕೊಡುತ್ತಾನೆ. ಈ ಡಬ್ಬಿಗೆ ಊರಿನಲ್ಲಿ ಕಮ್ಮಾರನಿಲ್ಲ. ಆದ್ದರಿಂದ ಕಿಟ್ಟು ಕೊಳ್ಳುವವನು ಒಂದು ವಸ್ತುವಿನ ಜೊತೆಗೆ ಆ ವಸ್ತು ಬರುವ ದಾರಿಯನ್ನೂ ನೆಚ್ಚಿಕೊಳ್ಳಬೇಕಾಗುತ್ತದೆ. ಆ ದಾರಿ ಎಷ್ಟು ಉದ್ದ, ಎಷ್ಟು ಕಾಲ ಬಾಳೀತು ಎಂಬುದನ್ನು ಕೊಳ್ಳುವ ಮುನ್ನವೇ ನೋಡಬೇಕು.

ಮೊದಲು ನಂಬರ್ ಓದಿ

ಬಿಡಿಭಾಗ ಹುಡುಕುವವರು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ಅಂಗಡಿಗೆ ಹೋಗಿ “ಅಂಬಾಸಿಡರಿಂದು ಕೊಡ್ರಿ” ಎನ್ನುವುದು. ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1958ರಿಂದ 2014ರವರೆಗೆ ತಯಾರಾಯಿತು. ಇಷ್ಟು ಕಾಲದಲ್ಲಿ ಎಂಜಿನ್ ಬದಲಾಗಿದೆ, ಕಾಯಿಲ್ ಬದಲಾಗಿದೆ. ಅದರ ಮೇಲೆ ಹಿಂದಿನ ಮಾಲೀಕರು ಕೈಗೆ ಸಿಕ್ಕಿದ್ದನ್ನು ಹಾಕಿಸಿರುತ್ತಾರೆ. ಕಿಟ್ಟು ಕೂರುವುದು ಕಾರಿನ ಮೇಲಲ್ಲ, ಡಿಸ್ಟ್ರಿಬ್ಯೂಟರಿನ ಒಳಗೆ. ಹುಡುಕಬೇಕಾದದ್ದು ಅದರ ನಂಬರು.

ಲೂಕಾಸ್ ಡಿಸ್ಟ್ರಿಬ್ಯೂಟರಾದರೆ ಅದರ ಮೈಮೇಲೆ ಮಾದರಿಯ ಹೆಸರು ಕೊರೆದಿರುತ್ತದೆ: ಡಿಎಂ2, 25ಡಿ4, 45ಡಿ4 ಹೀಗೆ. ಕೊನೆಯ 4 ಎಂದರೆ ನಾಲ್ಕು ಸಿಲಿಂಡರು. ಜೊತೆಗೆ ಐದಂಕಿಯ ಭಾಗದ ಸಂಖ್ಯೆ, ತಯಾರಾದ ವಾರ ಮತ್ತು ವರ್ಷ. 15 68 ಎಂದಿದ್ದರೆ 1968ನೆಯ ಇಸವಿಯ 15ನೆಯ ವಾರ. 25ಡಿ4ಕ್ಕೆ ಮಾಡಿದ ಕಿಟ್ಟು 45ಡಿ4ಕ್ಕೆ ಕೂರುವುದಿಲ್ಲ. ತಳದ ತಟ್ಟೆ ಬೇರೆ, ಕಾಂತದ ಬಳೆ ಹಿಡಿಯುವ ಉಬ್ಬಿನ ಆಕಾರವೂ ಬೇರೆ. ಎಣ್ಣೆ ಮಣ್ಣು ಒರೆಸಿ ಈ ಅಕ್ಷರಗಳನ್ನು ಓದಿ ಬರೆದುಕೊಂಡವನ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯಿತು.

ಅಂಬಾಸಿಡರ್ ಮಾಲೀಕರಿಗೆ ಇಲ್ಲೊಂದು ಅನುಕೂಲ ಉಂಟು. 1959ರ ಸುಮಾರಿಗೆ ಅದಕ್ಕೆ ಬಂದ 1,489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್ ಮನೆತನದ್ದು. ಅದೇ ಮನೆತನದ 1,798 ಸಿಸಿ ಎಂಜಿನ್ 1962ರಿಂದ 1980ರವರೆಗೆ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಓಡಿತು. ಆ ಕಾರು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ ಇಂದಿಗೂ ಬ್ರಿಟನ್ ಮತ್ತು ಅಮೆರಿಕದಲ್ಲಿ ಅಭಿಮಾನಿಗಳ ಕೈಯಲ್ಲಿದೆ. ಅವರಿಗಾಗಿ ಲೂಕಾಸ್ 25ಡಿ ಮತ್ತು 45ಡಿ ಮಾದರಿಯ ಪಾಯಿಂಟ್, ಮುಚ್ಚಳ, ರೋಟರ್, ಕಿಟ್ಟು ಎಲ್ಲವೂ ಇಂದಿಗೂ ತಯಾರಾಗುತ್ತಿವೆ. ಉತ್ತರಪಾಡಾದ ಬಾಗಿಲು ಮುಚ್ಚಿದರೂ ಅಂಬಾಸಿಡರಿನ ನೆಂಟರು ಪರದೇಶದಲ್ಲಿ ಬದುಕಿದ್ದಾರೆ. ಹಳೆಯ ಕಾರಿನ ಬಿಡಿಭಾಗ ಹುಡುಕುವುದೆಂದರೆ ಅದರ ವಂಶಾವಳಿ ಹುಡುಕುವುದೇ.

ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೂ ಇದೇ ಮಾತು ಸಲ್ಲುತ್ತದೆ. ಅದರ ಮೂಲ ವಿದ್ಯುತ್ ಭಾಗಗಳು ಅಮೆರಿಕದ ಆಟೋಲೈಟ್ ಕಂಪನಿಯವು, 6 ವೋಲ್ಟಿನವು. ಯುದ್ಧಕಾಲದ ಜೀಪುಗಳನ್ನು ಜತನ ಮಾಡುವವರು ಜಗತ್ತಿನಾದ್ಯಂತ ಇರುವುದರಿಂದ ಭಾಗಗಳ ಮರುತಯಾರಿಕೆ ನಿಂತಿಲ್ಲ. ಆದರೆ ನಮ್ಮಲ್ಲಿ ಬಹಳಷ್ಟು ಜೀಪುಗಳಿಗೆ ಮುಂದೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಅಂಥವುಗಳಿಗೆ ಈ ಭಾಷಣವೇ ಬೇಕಿಲ್ಲ. ಮುಂಬೈನ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸಿದ ಫಿಯೆಟ್ 1100ಕ್ಕೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. ದಶಕಗಳ ಕಾಲ ಮುಂಬೈನ ಟ್ಯಾಕ್ಸಿಗಳೆಂದರೆ ಅವೇ ಆಗಿದ್ದರಿಂದ ಭಾಗಗಳ ದಾಸ್ತಾನು ದೊಡ್ಡದಿತ್ತು. ಆ ನಗರದ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಯ ಓಟ 2023ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಬೇಡಿಕೆ ನಿಂತ ಮೇಲೆ ದಾಸ್ತಾನು ಕರಗುತ್ತದೆಯೇ ಹೊರತು ಬೆಳೆಯುವುದಿಲ್ಲ.

ಸಂತೆ ಎಲ್ಲೆಲ್ಲಿ?

ತಿರ್ಲಾಪುರದವರಿಗೆ ಮೊದಲ ಮೆಟ್ಟಿಲು ಹುಬ್ಬಳ್ಳಿ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯ ಭಾಗಗಳಿಗೆ ಶಿವಾಜಿನಗರದ ಗುಜರಿ. ಹೊರಗಡೆ ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್, ಮುಂಬೈನ ಚೋರ್ ಬಜಾರ್. ಲೂಕಾಸ್ ಮಾದರಿಯ ಭಾಗಗಳು ನಮ್ಮ ದೇಶದಲ್ಲಿ ಹರಡಲು ಮುಖ್ಯ ಕಾರಣ 1961ರಲ್ಲಿ ಆರಂಭವಾಗಿ ಚೆನ್ನೈನ ಪಾಡಿಯಲ್ಲಿ ಬೆಳೆದ ಲೂಕಾಸ್ ಟಿವಿಎಸ್. ಕರ್ನಾಟಕದ ಪಾಲೂ ಸಣ್ಣದಲ್ಲ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆನಿಂತ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿನ ಮೈಕೋ, ಹಳ್ಳಿಹಳ್ಳಿಗೂ ಪ್ಲಗ್ ಮುಟ್ಟಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು.

ಗುಜರಿಯಲ್ಲಿ ಸಿಗುವ ‘ಹಳೇ ಸ್ಟಾಕ್’ ಎಲ್ಲವೂ ಚಿನ್ನವಲ್ಲ. ಬಳಸದೆ ಇಟ್ಟ ಪಾಯಿಂಟ್ ಸೆಟ್ ಮೂವತ್ತು ವರ್ಷದ ಮೇಲೂ ಕೆಲಸ ಮಾಡೀತು. ತುದಿಯನ್ನು ಶುಚಿ ಮಾಡಿದರೆ ಸಾಕು. ಕಂಡೆನ್ಸರಿನ ಮಾತು ಹಾಗಲ್ಲ. ಅದರೊಳಗಿನ ನಿರೋಧಕ ಪದರ ಡಬ್ಬಿಯಲ್ಲಿದ್ದರೂ ಮುಪ್ಪಾಗುತ್ತದೆ. ಹೊಸ ಕಂಡೆನ್ಸರುಗಳಲ್ಲೂ ಕಳಪೆ ಬಹಳ. ಇದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಪರಿಹಾರವಿದೆ. ಸುಮಾರು 0.22 ಮೈಕ್ರೋಫ್ಯಾರಡ್, 630 ವೋಲ್ಟ್, ಕಾವು ತಡೆಯುವ ಫಿಲ್ಮ್ ಕೆಪ್ಯಾಸಿಟರ್ ಕೆಲವೇ ರೂಪಾಯಿಗಳ ವಸ್ತು. ಅದನ್ನು ಡಿಸ್ಟ್ರಿಬ್ಯೂಟರಿನ ಹೊರಗೆ, ಕಾಯಿಲಿನ ಬಳಿ ಗಟ್ಟಿಯಾಗಿ ಕಟ್ಟಿ ಬಳಸುವವರಿದ್ದಾರೆ.

ರೋಟರ್ ಇನ್ನೊಂದು ಮೋಸದ ಭಾಗ. ಹಿತ್ತಾಳೆಯ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರಿನಲ್ಲಿ ಆ ರಿವೆಟ್ಟಿನ ತುದಿ ಒಳಗಿನ ದಂಡಕ್ಕೆ ತೀರ ಹತ್ತಿರ ಬರುತ್ತದೆ. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಅಲ್ಲೇ ದಂಡಕ್ಕೆ ಹಾರುತ್ತದೆ. ಎಲೆಕ್ಟ್ರಾನಿಕ್ ಕಿಟ್ಟಿನ ಜೊತೆ ಬಲವಾದ ಕಾಯಿಲ್ ಹಾಕಿದಾಗ ಈ ದೋಷ ಇನ್ನೂ ಬೇಗ ಹೊರಬೀಳುತ್ತದೆ. ಮಾಲೀಕ ಮಾತ್ರ ಕಿಟ್ಟು ಕೆಟ್ಟಿತೆಂದು ಹೊಸ ಕಿಟ್ಟಿಗೆ ಹಣ ಸುರಿಯುತ್ತಾನೆ. ಮಾಡ್ಯೂಲನ್ನು ದೂರುವ ಮುನ್ನ ರೋಟರ್, ಮುಚ್ಚಳ, ಮಧ್ಯದ ಇಂಗಾಲದ ಕಡ್ಡಿ, ಪ್ಲಗ್ ತಂತಿ ಇಷ್ಟನ್ನೂ ನೋಡಬೇಕು.

ಕಿಟ್ಟು ಸುಡುವುದು ಏಕೆ?

ಕೆಟ್ಟುಹೋದವೆಂದು ಹೇಳುವ ಕಿಟ್ಟುಗಳಲ್ಲಿ ಹಲವು ತಾವಾಗಿ ಕೆಟ್ಟವಲ್ಲ, ಹಾಕುವಾಗಲೇ ಸುಟ್ಟವು. ಮೊದಲ ಕಾರಣ ಅರ್ತಿಂಗ್. ಇಂದಿನ ಎಲ್ಲ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿ ಬಾಡಿಗೆ ಕೂಡಿರುತ್ತದೆ. 1960ರ ದಶಕದ ನಡುಗಾಲದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನ ತುದಿಯೇ ಬಾಡಿಗೆ ಕೂಡಿತ್ತು. ಪಾಯಿಂಟಿಗೆ ಇದರಿಂದ ಅಂಥ ತೊಂದರೆಯಿಲ್ಲ. ಟ್ರಾನ್ಸಿಸ್ಟರಿಗೆ ಉಲ್ಟಾ ಕೊಟ್ಟರೆ ಕ್ಷಣದಲ್ಲಿ ಬೂದಿ. ಧನ ಅರ್ತಿಂಗಿನ ಗಾಡಿಗೆ ಅದಕ್ಕೆಂದೇ ಮಾಡಿದ ಕಿಟ್ಟು ಬೇಕು, 6 ವೋಲ್ಟಿನ ಗಾಡಿಗೂ ಹಾಗೆಯೇ. ಇಂಥ ಕಿಟ್ಟುಗಳು ಕಡಿಮೆ, ಬದಲಿ ಸಿಗುವುದು ಇನ್ನೂ ಕಷ್ಟ.

ಎರಡನೆಯ ಕಾರಣ ಕಾಯಿಲ್. ಸಾಮಾನ್ಯ 12 ವೋಲ್ಟಿನ ಕಾಯಿಲಿನ ತಡೆ ಸುಮಾರು 3 ಓಮ್. ಹರಿಯುವುದು 4 ಆಂಪಿಯರ್. ಬ್ಯಾಲೆಸ್ಟ್ ತಂತಿಯ ಜೊತೆ ಬಳಸುವ ಕಾಯಿಲಿನ ತಡೆ ಇದರ ಅರ್ಧ. ಬ್ಯಾಲೆಸ್ಟ್ ತೆಗೆದು ಅದನ್ನೇ ನೇರ ಬ್ಯಾಟರಿಗೆ ಕೊಟ್ಟರೆ 8 ಆಂಪಿಯರ್ ಹರಿದು ಮಾಡ್ಯೂಲ್ ಬೇಯುತ್ತದೆ. ನೂರಾರು ರೂಪಾಯಿಯ ಮೀಟರಿನಿಂದ ಒಂದು ನಿಮಿಷದಲ್ಲಿ ಅಳೆದು ತಿಳಿಯಬಹುದಾದ ಸಂಗತಿಯಿದು. ಮೂರನೆಯದು ಮರೆವು. ಎಂಜಿನ್ ನಿಲ್ಲಿಸಿ ಚಾವಿಯನ್ನು ಹಾಗೇ ಆನ್ ಬಿಟ್ಟರೆ ಕೆಲವು ಕಿಟ್ಟುಗಳಲ್ಲಿ ಕಾಯಿಲ್ ಮತ್ತು ಮಾಡ್ಯೂಲ್ ಎರಡೂ ಕಾಯುತ್ತಾ ಹೋಗುತ್ತವೆ. ರೇಡಿಯೋ ಹಚ್ಚಲು ಚಾವಿ ತಿರುವಿ ಕುಳಿತವರು ಹೀಗೆ ಮಾಡ್ಯೂಲ್ ಕಳೆದುಕೊಂಡಿದ್ದಾರೆ.

ನಾಲ್ಕನೆಯದು ಬ್ಯಾಟರಿ. ಬ್ಯಾಟರಿ ಸೊರಗಿದಾಗ ನಾಲ್ಕು ಜನ ನೂಕಿದರೆ ಪಾಯಿಂಟಿನ ಗಾಡಿ ಹೇಗೋ ಎದ್ದೀತು. ಸೆನ್ಸರಿಗೆ ಮಾತ್ರ ಎಚ್ಚರವಾಗಲು ಇಂತಿಷ್ಟು ವೋಲ್ಟ್ ಬೇಕೇ ಬೇಕು. ಬೇಸಿಗೆಯ ಬಯಲುಸೀಮೆಯ ಬಿಸಿಲು, ಎಂಜಿನ್ನಿನ ಕಾವು, ಎರೆಮಣ್ಣಿನ ನುಣ್ಣನೆ ಧೂಳು ಇವೆಲ್ಲ ಸೇರಿದರೆ ಮುಚ್ಚಳದೊಳಗಿನ ಪುಟ್ಟ ಮಾಡ್ಯೂಲಿನ ಬಾಳು ಸುಲಭದ್ದಲ್ಲ.

ಮೈಸೂರಿನ ಪಾಠ

ಕಾರ್ಖಾನೆ ಮುಚ್ಚಿದ ಮೇಲೂ ಬಿಡಿಭಾಗದ ದಾರಿ ಹೇಗೆ ತೆರೆದಿರಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಅದು ಕಾರಿನದಲ್ಲ, ಮೋಟಾರ್ ಸೈಕಲ್ಲಿನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ತಯಾರಿಸತೊಡಗಿತು. 1973ರಿಂದ ಯೆಜ್ಡಿ ಹೆಸರಿನಲ್ಲಿ ಮುಂದುವರಿದು 1996ರಲ್ಲಿ ಮುಚ್ಚಿತು. ಬೇರೊಂದು ಸಂಸ್ಥೆ ಜಾವಾ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದದ್ದು 2018ರಲ್ಲಿ. ನಡುವಿನ 22 ವರ್ಷ ಆ ಹಳೆಯ ಗಾಡಿಗಳು ರಸ್ತೆಯ ಮೇಲೆ ಉಳಿದದ್ದು ಸವಾರರಿಂದ ಮತ್ತು ಹಳೆಯ ಮೆಕ್ಯಾನಿಕರಿಂದ. ಯಾರ ಬಳಿ ಯಾವ ಭಾಗ ಉಳಿದಿದೆ ಎಂದು ಅವರು ಗುರುತಿಟ್ಟರು, ಸಿಗದ ಭಾಗವನ್ನು ಲೇತಿನ ಮೇಲೆ ಮಾಡಿಸಿದರು, ಒಬ್ಬ ಕಲಿತದ್ದನ್ನು ಹತ್ತು ಜನಕ್ಕೆ ಹೇಳಿದರು. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನಕ್ಕೆ ಅವರು ಸೇರುವುದು ಬರಿಯ ಮೆರವಣಿಗೆಗಲ್ಲ. ಅದು ಬಿಡಿಭಾಗದ ಸಂತೆಯೂ ಹೌದು, ಪಾಠಶಾಲೆಯೂ ಹೌದು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅವರು ಉಳಿಸಿಕೊಂಡದ್ದರಲ್ಲಿ ಹೆಚ್ಚಿನವು ಕೈಯಿಂದ ಮಾಡಬಹುದಾದ, ತಿದ್ದಬಹುದಾದ ಭಾಗಗಳು. ಲೇತಿನ ಮೇಲೆ ಬುಶ್ ತಿರುವಬಹುದು, ಮಾಡ್ಯೂಲ್ ತಿರುವಲಾಗದು. ಹೀಗಾಗಿ ಹಳೆಯ ಗಾಡಿಗೆ ಹೊಸ ಭಾಗ ಹಾಕುವಾಗ ಹಿಂದಿರುಗುವ ದಾರಿಯನ್ನು ಕಡಿದುಕೊಳ್ಳಬಾರದು.

ಕಾನೂನು ಮತ್ತು ಮೂಲರೂಪ

ಈ ಮಾತಿಗೆ ಕಾನೂನಿನ ಬೆಂಬಲವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರಡಿ ಬರುತ್ತವೆ. ಅವು ಮೂಲರೂಪ ಉಳಿಸಿಕೊಂಡಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ನಿಗದಿಯಾಯಿತು. ಅವಧಿ 10 ವರ್ಷ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂಬ ಗುರುತು. ಇಂಥ ಗಾಡಿ ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಕ್ಕೆ ರಸ್ತೆಗಿಳಿಯಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅಲ್ಲ.

ಮುಚ್ಚಳದೊಳಗಿನ ಕಿಟ್ಟು ಹೊರಗೆ ಕಾಣುವುದಿಲ್ಲ, ನಿಜ. ಆದರೆ ಮೂಲ ಭಾಗ ಮಾಲೀಕನ ಕೈಯಲ್ಲಿದ್ದರೆ ನಾಳೆ ಪ್ರಶ್ನೆ ಬಂದಾಗ ಉತ್ತರವೂ ಕೈಯಲ್ಲಿರುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಹೇಳಿರುವುದೂ ಇದನ್ನೇ: ಬದಲಾವಣೆ ಮಾಡಬೇಕಾದರೆ ಕಣ್ಣಿಗೆ ಹೊಡೆಯದಂತೆ, ಮತ್ತೆ ತೆಗೆಯಬಹುದಾದಂತೆ ಮಾಡಿ, ತೆಗೆದ ಮುಖ್ಯ ಭಾಗಗಳನ್ನು ವಾಹನದ ಜೊತೆಯಲ್ಲೇ ಇಡಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡವರಿಗೆ ಮೂಲರೂಪದ ಬೆಲೆ ವಿವರಿಸಬೇಕಾಗಿಲ್ಲ.

ಮಾಡಬೇಕಾದ್ದು ಏನು?

ಹಾಗಾದರೆ ಎಲೆಕ್ಟ್ರಾನಿಕ್ ಹಾಕಿಸಬೇಕೋ ಬೇಡವೋ? ಹಾಕಿಸಬಹುದು, ಆದರೆ ಕೆಲವು ಕಟ್ಟಳೆಗಳೊಂದಿಗೆ. ಮೊದಲು ಡಿಸ್ಟ್ರಿಬ್ಯೂಟರಿನ ದಂಡ, ಬುಶ್, ಅಡ್ವಾನ್ಸ್ ತೂಕಗಳು ಸರಿಯಾಗಿರಲಿ. ಸವೆದ ಯಂತ್ರಕ್ಕೆ ಹೊಸ ಕಿಟ್ಟು ಮದ್ದಲ್ಲ. ಡಿಸ್ಟ್ರಿಬ್ಯೂಟರನ್ನು ಕೊರೆಯುವ, ಕತ್ತರಿಸುವ ಕಿಟ್ಟು ಬೇಡವೇ ಬೇಡ. ಅರ್ತಿಂಗ್, ವೋಲ್ಟ್, ಕಾಯಿಲಿನ ತಡೆ ಮೂರನ್ನೂ ಅಳೆದ ಮೇಲೆಯೇ ಕೊಳ್ಳಬೇಕು. ಪರದೇಶದಿಂದ ತರಿಸುವುದಾದರೆ ಸುಂಕ, ಸಾಗಣೆ ಸೇರಿಸಿ ಲೆಕ್ಕ ಹಾಕಿ, ಸಾಧ್ಯವಾದರೆ ಒಂದೇ ಸಲ ಎರಡು ಮಾಡ್ಯೂಲ್ ತರಿಸುವುದು ಜಾಣತನ. ಒಂದೇ ಮಾದರಿಯ ಗಾಡಿ ಇರುವ ನಾಲ್ಕೈದು ಜನ ಕೂಡಿ ತರಿಸಿದರೆ ಹೊರೆ ಹಂಚಿಹೋಗುತ್ತದೆ. ಒಬ್ಬರ ಬಳಿ ಇರುವ ಬದಲಿ ಭಾಗ ಎಲ್ಲರಿಗೂ ಆಪತ್ತಿಗೆ ಒದಗುತ್ತದೆ.

ಕಿತ್ತ ಪಾಯಿಂಟನ್ನು ತಟ್ಟೆಯ ಸಮೇತ, ಒಳ್ಳೆಯ ಕಂಡೆನ್ಸರಿನ ಜೊತೆ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಬೇಕು. ಜೊತೆಗೆ ಫೀಲರ್ ಗೇಜ್, ಸ್ಕ್ರೂಡ್ರೈವರ್, ತಂತಿ ಕಟ್ಟಿದ 12 ವೋಲ್ಟಿನ ಬಲ್ಬು. ಬಲ್ಬಿನ ಒಂದು ತುದಿಯನ್ನು ಕಾಯಿಲಿನ ಋಣ ತುದಿಗೆ, ಇನ್ನೊಂದನ್ನು ಬ್ಯಾಟರಿಯ ಧನ ತುದಿಗೆ ಹಿಡಿದು ಎಂಜಿನ್ ತಿರುಗಿಸಿದಾಗ ಬಲ್ಬು ಮಿಣುಕಿದರೆ ಮಾಡ್ಯೂಲ್ ಕೆಲಸ ಮಾಡುತ್ತಿದೆ ಎಂದರ್ಥ. ದೋಷ ಮುಂದೆ ಎಲ್ಲೋ ಇದೆ. ಮಿಣುಕದಿದ್ದರೆ ಮಾಡ್ಯೂಲ್ ತೆಗೆದು ಹಳೆಯ ತಟ್ಟೆ ಕೂರಿಸಿ, ಸಂದು ಸರಿಮಾಡಿ ಮನೆ ಸೇರಬಹುದು. ಅರ್ಧ ತಾಸಿನ ಕೆಲಸ. ಡಬ್ಬಿ ಇಲ್ಲದಿದ್ದರೆ ಅದೇ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆತರಬೇಕಾಗುತ್ತದೆ.

ಯಾವ ಗಾಡಿಗೆ ಯಾವ ನಂಬರಿನ ಡಿಸ್ಟ್ರಿಬ್ಯೂಟರ್, ಯಾವ ಕಾಯಿಲ್, ಯಾವ ತಂತಿ ಎಲ್ಲಿಗೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವುದೂ ಅಷ್ಟೇ ಮುಖ್ಯ. ಮುಂದಿನ ಮಾಲೀಕನಿಗೆ, ಮುಂದಿನ ಮೆಕ್ಯಾನಿಕನಿಗೆ ಅದೇ ಆಸ್ತಿ.

ಕೊನೆಗೆ ಒಂದು ಮಾತು. ಎಲ್ಲಕ್ಕಿಂತ ಅಪರೂಪದ ಬಿಡಿಭಾಗ ಯಾವ ಗುಜರಿಯಲ್ಲೂ ಸಿಗುವುದಿಲ್ಲ. ಅದು ಎಂಜಿನ್ನಿನ ಸದ್ದು ಕೇಳಿಯೇ ಕಿಡಿ ಮುಂದಾಯಿತೋ ಹಿಂದಾಯಿತೋ ಎಂದು ಹೇಳಬಲ್ಲ ಹಳೆಯ ಮೆಕ್ಯಾನಿಕನ ಕಿವಿ ಮತ್ತು ಕೈ. ನವಲಗುಂದದ ಜಮಖಾನೆಯ ವಿನ್ಯಾಸ ನೇಯುವವರ ಬೆರಳಲ್ಲಿ ಉಳಿದಂತೆ ಈ ವಿದ್ಯೆಯೂ ಕೈಯಿಂದ ಕೈಗೆ ಹೋದರೆ ಮಾತ್ರ ಉಳಿಯುತ್ತದೆ. ಕಿಟ್ಟು ಬಂದಿತೆಂದು ಪಾಯಿಂಟ್ ಹೊಂದಿಸುವುದನ್ನು ಯಾರೂ ಕಲಿಯದೆ ಹೋದರೆ ಡಿಕ್ಕಿಯ ಡಬ್ಬಿಯಲ್ಲಿ ಭಾಗವಿದ್ದೂ ಪ್ರಯೋಜನವಿಲ್ಲ. ಕೊಟ್ಟಿಗೆಯ ಗಾಡಿಗೆ ಜೀವ ತುಂಬಲು ಹೊರಟ ಹುಡುಗರು ಬಿಡಿಭಾಗದ ಪಟ್ಟಿ ಹಿಡಿದು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಊರಿನ ಹಿರಿಯ ಮೆಕ್ಯಾನಿಕನ ಪಕ್ಕದಲ್ಲಿ ಒಂದು ಭಾನುವಾರ ಕೂರಲಿ.